ವಾಹನದೊಳಗೊಂದು ವಾಹನ: ತುಮಕೂರು ಸೀಮೆಯ ಸಂಚಾರಿ ಮನೆಗಳು

ವಾಸದ ಮನೆಯನ್ನೇ ಬಸ್ಸಿನ ಚಾಸಿಯ ಮೇಲೆ ಕಟ್ಟಿ, ಅದರ ಒಡಲಲ್ಲಿ ಚಿಕ್ಕ ಕಾರೊಂದಕ್ಕೆ ಗ್ಯಾರೇಜು ಕೂಡಿಸುವ ಪದ್ಧತಿ ಯುರೋಪು, ಅಮೆರಿಕಗಳದ್ದು. ತುಮಕೂರು, ಗುಬ್ಬಿ, ಕುಣಿಗಲ್ ರಸ್ತೆಗಳಿಗೆ ಅದು ಹೊಸದು. ಆದರೆ ಅದರ ಹಿಂದಿರುವ ತೊಡಕು, ಎಂದರೆ ದೂರಕ್ಕೆ ಒದಗುವ ದೊಡ್ಡ ವಾಹನ ಊರೊಳಗಿನ ಓಣಿಗೆ ಒದಗದೆಂಬುದು, ಈ ಸೀಮೆಯ ವೃತ್ತಿನಾಟಕದವರಿಗೆ ಬಹಳ ಹಿಂದೆಯೇ ಎದುರಾಗಿತ್ತು.

ಗುಬ್ಬಿಯ ಆರಾಧ್ಯದೈವ ಚನ್ನಬಸವೇಶ್ವರನ ಹೆಸರು ಹೊತ್ತ ನಾಟಕ ಸಂಘ ಹುಟ್ಟಿದ್ದು 1884ರಲ್ಲಿ. ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ ರೈಲು ತುಮಕೂರು ಮುಟ್ಟಿದ್ದೂ ಅದೇ ವರ್ಷ. ಆ ದಶಕ ಮುಗಿಯುವುದರೊಳಗೆ ಹಳಿಗಳು ಗುಬ್ಬಿಯನ್ನು ಹಾದು ಹರಿಹರದವರೆಗೆ ಸಾಗಿದವು. ಎಳೆಯ ವಯಸ್ಸಿನಲ್ಲೇ ಬಣ್ಣ ಹಚ್ಚಿ, 1917ರಲ್ಲಿ ಕಂಪನಿಯ ಒಡೆತನ ವಹಿಸಿಕೊಂಡ ಗುಬ್ಬಿ ವೀರಣ್ಣನವರ (1891–1972) ಕಾಲಕ್ಕೆ ಅದು ಬರಿಯ ನಟರ ತಂಡವಾಗಿರದೆ, ಅಡುಗೆಯವರು, ಪರದೆ ಬರೆಯುವವರು, ಹಾರ್ಮೋನಿಯಂನವರು, ಮಕ್ಕಳುಮರಿಗಳೆಲ್ಲ ಸೇರಿದ ದೊಡ್ಡ ಸಂಸಾರವಾಗಿತ್ತು. ಒಂದು ಊರಿನಲ್ಲಿ ತಳವೂರಿ, ಜನ ಬರುವಷ್ಟು ದಿನ ಆಟವಾಡಿ, ಆಮೇಲೆ ಗಂಟುಮೂಟೆ ಕಟ್ಟುವ ಈ ಬಿಡಾರಕ್ಕೆ ಕಂಪನಿಯವರು ‘ಮೊಕ್ಕಾಂ’ ಅಥವಾ ‘ಕ್ಯಾಂಪು’ ಎನ್ನುತ್ತಿದ್ದರು.

ಮೊಕ್ಕಾಂ ಎತ್ತುವುದೆಂದರೆ ಮನೆ ಎತ್ತುವುದೇ. ಅರಮನೆ, ಕಾಡು, ಬೀದಿಗಳನ್ನು ಚಿತ್ರಿಸಿದ ಬಟ್ಟೆಯ ಪರದೆಗಳನ್ನು ಮಡಿಸಿದರೆ ಬಣ್ಣ ಬಿರಿಯುವುದರಿಂದ ಅವನ್ನು ಉದ್ದನೆಯ ಗಳಕ್ಕೆ ಸುತ್ತಿಯೇ ಸಾಗಿಸಬೇಕಿತ್ತು. ರೈಲಿನ ಡಬ್ಬಿಗೆ ಸಲೀಸಾಗಿದ್ದ ಆ ಸುರುಳಿ ನಿಲ್ದಾಣದಲ್ಲಿ ಇಳಿದು ಎತ್ತಿನ ಗಾಡಿಗೆ ಬಂದಾಗ ಹಿಂದೆ ಮುಂದೆ ಚಾಚಿಕೊಳ್ಳುತ್ತಿತ್ತು. ಜೊತೆಗೆ ಥಿಯೇಟರಿನ ತಗಡು, ವೇಷದ ಪೆಟ್ಟಿಗೆ, ಹಂಡೆ ಕೊಪ್ಪರಿಗೆಗಳು. ವೀರಣ್ಣನವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವೆಂಬುದನ್ನು ನೆನೆದರೆ, ಈ ಸಂಸಾರದ ಸಾಮಾನಿನ ಪಟ್ಟಿ ಎಲ್ಲಿಗೆ ಮುಟ್ಟಿತ್ತೆಂಬುದು ತಿಳಿಯುತ್ತದೆ.

ಗುಬ್ಬಿಗೆ ಒದಗಿದ ರೈಲಿನ ಅನುಕೂಲ ಕುಣಿಗಲ್ಲಿಗೆ ಒದಗಲಿಲ್ಲ. ಬೆಂಗಳೂರು–ಹಾಸನ ನೇರ ಮಾರ್ಗ 2017ರಲ್ಲಿ ಪೂರ್ತಿಯಾಗುವವರೆಗೆ ಆ ಊರು ರಸ್ತೆಯನ್ನೇ ನೆಚ್ಚಿಕೊಂಡಿತ್ತಾದ್ದರಿಂದ, ಅಲ್ಲಿ ಬಿಡಾರ ಹೂಡುವ ಯಾವ ಕಂಪನಿಗಾದರೂ ಗಾಡಿ, ಆಮೇಲೆ ಲಾರಿಯೇ ಗತಿ. ದೊಡ್ಡ ವಾಹನ ನಿಂತಲ್ಲಿಂದ ಮುಂದಕ್ಕೆ ಹೋಗಲು ಸಣ್ಣದೊಂದು ಬೇಕು, ಅದನ್ನು ಆಯಾ ಊರಿನಲ್ಲೇ ಬಾಡಿಗೆಗೆ ಹುಡುಕಬೇಕು: ನಾಟಕದವರು ಕಂಡುಕೊಂಡ ದಾರಿ ಇದು.

ಸಣ್ಣದನ್ನು ದೊಡ್ಡದರ ಹೊಟ್ಟೆಯಲ್ಲೇ ಇಟ್ಟುಕೊಂಡು ಹೋಗುವುದು ಮೋಟಾರು ಮನೆಯವರ ದಾರಿ. ಕಾರನ್ನು ಹಿಂಬದಿಯಲ್ಲಿ ಹೇರಿದರೆ ಭಾರವೆಲ್ಲ ಹಿಂದಿನ ಅಚ್ಚಿನ ಆಚೆ ಬಿದ್ದು, ಏತದ ತುದಿಯನ್ನು ಮೆಟ್ಟಿದಂತಾಗಿ ಮುಂದಿನ ಗಾಲಿಗಳ ಮೇಲಿನ ಹೊರೆ ಹಗುರಾಗುತ್ತದೆ. ಇದರಿಂದ ಸ್ಟಿಯರಿಂಗಿನ ಹಿಡಿತ ಕುಗ್ಗುತ್ತದೆ. ಆದುದರಿಂದ ಜರ್ಮನಿಯ ವುಪ್ಪರ್ಟಾಲ್‌ನ ಫೋಲ್ಕ್ನರ್ ಕಂಪನಿ ಗ್ಯಾರೇಜನ್ನು ಎರಡು ಅಚ್ಚುಗಳ ನಡುವೆ, ವಾಸದ ನೆಲದ ಕೆಳಗೆ ಇಟ್ಟಿತು: ಪಕ್ಕದಿಂದ ಹಲಗೆಯೊಂದು ಹೊರಚಾಚುತ್ತದೆ, ಕಾರನ್ನು ಅದರ ಮೇಲೆ ಹತ್ತಿಸಿದ ಮೇಲೆ ಹಲಗೆ ಒಳಕ್ಕೆ ಸರಿಯುತ್ತದೆ. ಜಾಣತನದ ಕೆಲಸವೇ ಹೌದು, ಆದರೆ ಒಂದೇ ಒಂದು ಸಂಸಾರಕ್ಕೆ ಇಷ್ಟು ದೊಡ್ಡ ಬಂಡಿ ಎನ್ನುವುದು ಗುಬ್ಬಿ ಕಂಪನಿಯ ಅಡುಗೆಯವರಿಗೆ ನಗು ತರಿಸುತ್ತಿತ್ತೇನೋ.

ವಾಹನವೇ ವಾಹನವೇರುವ ಇನ್ನೊಂದು ನೋಟ ಕುಣಿಗಲ್ಲಿನದು. ಟಿಪ್ಪುವಿನ ಕಾಲದಲ್ಲಿ ಸೈನ್ಯದ ಸವಾರಿಗೆಂದು ಕುದುರೆ ಸಾಕಿದರೆಂದು ಪ್ರತೀತಿಯಿರುವ ಅಲ್ಲಿನ ಕುದುರೆ ಫಾರಂ ಮುಂದೆ ರೇಸಿನ ಕುದುರೆಗಳ ತವರಾಯಿತು. ಅಲ್ಲಿ ಹುಟ್ಟಿದ ಮರಿಗಳು ಬೆಳೆದು, ಯಾರನ್ನೂ ಬೆನ್ನ ಮೇಲೆ ಹೊರದೆ, ತಾವೇ ವ್ಯಾನು ಹತ್ತಿ ನಿಂತು ಬೆಂಗಳೂರಿಗೆ ಹೋದವು.