ಹಾನ್ಲೆಯ ಕೆಂಪು ಇರುಳು

ನಮ್ಮ ಅಮರಾಪುರದಲ್ಲಿ ಧ್ರುವನಕ್ಷತ್ರ ದಿಗಂತದಿಂದ ಸುಮಾರು 14 ಡಿಗ್ರಿ ಮಾತ್ರ ಮೇಲಿರುತ್ತದೆ. ಕೈ ನೀಡಿ ಹಿಡಿದರೆ ಒಂದೂವರೆ ಮುಷ್ಟಿಯೆತ್ತರ. ಇಷ್ಟು ತೆಂಕಣದವರಿಗೆ ಧ್ರುವಪ್ರಭೆ ಪಠ್ಯಪುಸ್ತಕದ ಮಾತು. ಪಕ್ಕದ ಹೇಮಾವತಿ ನೊಳಂಬರ ಹೆಂಜೇರು, ಶಾಸನಗಳ ಊರು. ಗ್ರಹಣಕಾಲದ ದತ್ತಿಗಳ ಉಲ್ಲೇಖ ಕನ್ನಡ ಶಾಸನಗಳಲ್ಲಿ ಹೇರಳ. ಇರುಳ ಆಕಾಶ ಕೆಂಪಾದ ಸುದ್ದಿ ಮಾತ್ರ ನಾನು ಓದಿದವುಗಳಲ್ಲಿ ಸಿಕ್ಕಿಲ್ಲ.

ಆದರೂ ಈ ಬೆಳಕಿನ ಚರಿತ್ರೆಯಲ್ಲಿ ನಮ್ಮ ಕಡೆಗೂ ಒಂದು ಪಾಲುಂಟು. 2023ರ ಏಪ್ರಿಲ್ 22-23ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಇಡೀ ಆಕಾಶವನ್ನು ಒಂದೇ ಚೌಕಟ್ಟಿಗೆ ತರುವ ಕ್ಯಾಮೆರಾಕ್ಕೆ ಧ್ರುವಪ್ರಭೆ ಸಿಕ್ಕಿತು. ಸುಮಾರು 4,500 ಮೀಟರ್ ಎತ್ತರದ ಆ ವೀಕ್ಷಣಾಲಯ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನದು. ಅಲ್ಲಿನ ದೊಡ್ಡ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಸುತ್ತಾರೆ!

ಬಿಡಿಬಿಡಿಯಾಗಿ ತೆಗೆದ ಚಿತ್ರಗಳನ್ನು ಸಾಲಾಗಿ ಜೋಡಿಸಿ ಬೇಗ ಓಡಿಸುವ ಈ ಟೈಮ್-ಲ್ಯಾಪ್ಸನ್ನು ಕಣ್ಕಟ್ಟು ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ನಾರ್ವೆಯಲ್ಲಿ 1892ರಲ್ಲಿ ಮಾರ್ಟಿನ್ ಬ್ರೆಂಡೆಲ್ ಧ್ರುವಪ್ರಭೆಯ ಮೊದಲ ಫೋಟೋ ತೆಗೆದ. ಮುಂದೆ ಕಾರ್ಲ್ ಸ್ಟೋರ್ಮರ್ ಎರಡು ಕಡೆ ಕ್ಯಾಮೆರಾ ಇಟ್ಟು, ಟೆಲಿಫೋನಿನಲ್ಲಿ ಮಾತಾಡಿಕೊಂಡು ಒಂದೇ ಕ್ಷಣಕ್ಕೆ ಚಿತ್ರ ತೆಗೆಸಿ, ಹಿಂದಿನ ನಕ್ಷತ್ರಗಳ ಆಧಾರದಿಂದ ಬೆಳಕಿನ ಎತ್ತರ ಅಳೆದ. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಧ್ರುವಪ್ರದೇಶಗಳ ಉದ್ದಗಲಕ್ಕೂ ಸರ್ವಾಕಾಶ ಕ್ಯಾಮೆರಾಗಳು ಬಂದವು. ಆ ಫಿಲ್ಮುಗಳನ್ನು ಹೊತ್ತಿಗೆ ಹೊತ್ತು ಹೊಂದಿಸಿ ನೋಡಿದ ಅಕಾಸೊಫು, ಧ್ರುವಪ್ರಭೆ ಶಾಂತವಾಗಿದ್ದು, ಥಟ್ಟನೆ ಸಿಡಿದು ಹರಡಿ, ಮತ್ತೆ ತಣಿಯುವ ಕ್ರಮವನ್ನು 1964ರಲ್ಲಿ ವಿವರಿಸಿದರು. ಒಂದೂರಿನಲ್ಲಿ ನಿಂತ ಕಣ್ಣಿಗೆ ಅದು ದಕ್ಕುವಂಥದ್ದಲ್ಲ.

ನಮ್ಮ ದೇಶದಲ್ಲೂ ಇಂಥ ತಾಳ್ಮೆ ಹಳೆಯದು. 1859ರ ಸೆಪ್ಟೆಂಬರ್ 2ರ ಮಹಾ ಸೌರಬಿರುಗಾಳಿಯನ್ನು ಮುಂಬಯಿಯ ಕೊಲಾಬಾ ವೀಕ್ಷಣಾಲಯದವರು ಅಯಸ್ಕಾಂತದ ಅಳತೆಗಳಲ್ಲಿ ಬರೆದಿಟ್ಟರು. ಇಂದಿಗೂ ವಿಜ್ಞಾನಿಗಳು ಆ ಅಂಕಿಗಳತ್ತ ತಿರುಗುತ್ತಾರೆ.

2024ರ ಮೇ 10-11ರ ರಾತ್ರಿ ಹಾನ್ಲೆಯ ಬಾನು ಮತ್ತೆ ಕೆಂಪಾಯಿತು. ಕೆಂಪೇ ಏಕೆ? ಹಸಿರು ಬೆಳಕು ಹುಟ್ಟುವುದು ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರದ ಬಡಗಣದಲ್ಲಿ ಅದು ದಿಗಂತದ ಕೆಳಗೇ ಉಳಿಯುತ್ತದೆ. ಇನ್ನೂರು ಕಿಲೋಮೀಟರಿಗೂ ಮೇಲೆ ಆಮ್ಲಜನಕ ಸೂಸುವ ಕೆಂಪು ಮಾತ್ರ ತಲೆಯೆತ್ತಿ ಕಾಣುತ್ತದೆ. ಅದೂ ಬರಿಗಣ್ಣಿಗೆ ಬಲು ಮಂದ. ಕ್ಯಾಮೆರಾ ಕಣ್ಣು ತೆರೆದಿಟ್ಟು ಬೆಳಕನ್ನು ಕೂಡಿಸಿಕೊಳ್ಳುತ್ತದೆ. ನೆತ್ತಿಯ ಮೇಲೆ ಹಸಿರು ಪರದೆ ಕುಣಿಯುವ ಚಿತ್ರಕ್ಕೆ ಯಾರಾದರೂ ಲಡಾಖ್ ಎಂದು ಹೆಸರು ಹಾಕಿ ಕಳಿಸಿದರೆ, ಯಾವ ದಿನ, ಎಷ್ಟು ಗಂಟೆಗೆ ತೆಗೆದದ್ದು ಎಂದು ಕೇಳಿ ನೋಡಿ.