ನಟಿಯಿಂದ ನಿರ್ದೇಶಕಿಯವರೆಗೆ: ವೈಶಾಲಿ ಕಾಸರವಳ್ಳಿಯವರ ಕಲಾಜೀವನ

ರಾಜ್ಯೋತ್ಸವ ಬಂತೆಂದರೆ ಏಕೀಕರಣಕ್ಕಾಗಿ ದುಡಿದ ಮಹನೀಯರನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಅದು ಉಚಿತವೇ ಸರಿ. ಆದರೆ 1956ರಲ್ಲಿ ಒಂದಾದುದು ನಾಡಿನ ಭೂಪಟ. ಒಂದು ಸೀಮೆಯ ಮಾತು ಮತ್ತೊಂದು ಸೀಮೆಯ ಮನೆಯೊಳಗೆ ಸಲುಗೆಯಿಂದ ಹೋಗಿ ಕೂಡುವಂತಾದುದು ಆಮೇಲಿನ ಕೆಲಸ. ಆ ಕೆಲಸದಲ್ಲಿ ಸಾಹಿತಿಗಳ, ರಂಗಕರ್ಮಿಗಳ ಜೊತೆಗೆ ದೂರದರ್ಶನದ ಕಲಾವಿದರ ಪಾಲೂ ಉಂಟು. ಅಂಥವರಲ್ಲಿ ಶ್ರೀಮತಿ ವೈಶಾಲಿ ಕಾಸರವಳ್ಳಿಯವರು ಒಬ್ಬರು.

ವೈಶಾಲಿಯವರು ಹುಟ್ಟಿದ್ದು 1952ರಲ್ಲಿ, ಇಂದು ಕಲಬುರಗಿ ಎನ್ನಿಸಿಕೊಳ್ಳುವ ಗುಲ್ಬರ್ಗದಲ್ಲಿ. ಆಗ ಆ ಊರು ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ರಾಜ್ಯದಲ್ಲಿದ್ದವು. ಆಕೆ ಇನ್ನೂ ಎಳೆಯ ಬಾಲಕಿಯಾಗಿದ್ದಾಗ ಗುಲ್ಬರ್ಗವು ವಿಶಾಲ ಮೈಸೂರು ರಾಜ್ಯಕ್ಕೆ ಬಂದು ಸೇರಿತು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ.

ಎಪ್ಪತ್ತರ ದಶಕವು ಕನ್ನಡ ಹವ್ಯಾಸಿ ರಂಗಭೂಮಿಯ ಸುಗ್ಗಿಯ ಕಾಲ. ಬಿ. ವಿ. ಕಾರಂತರು ದೆಹಲಿಯ ನಾಟಕಶಾಲೆಯಲ್ಲಿ ಕಲಿತು ಬಂದ ವಿದ್ಯೆಯನ್ನು ಕನ್ನಡದ ಮಣ್ಣಿಗೆ ಒಗ್ಗಿಸಿದರು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಅವರು ಆಡಿಸಿದ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಮೊದಲಾದ ನಾಟಕಗಳು ಮನೆಮಾತಾದವು. ಕಾರಂತರ ಗರಡಿಯಲ್ಲಿ ಪಳಗಿದವರು ವೈಶಾಲಿ. ಹಾಡು, ಕುಣಿತ, ಬಣ್ಣ, ಬಟ್ಟೆ, ರಂಗಸಜ್ಜಿಕೆ ಎಲ್ಲಕ್ಕೂ ಕೈಹಾಕಬೇಕಾದ ಆ ಗರಡಿಯಲ್ಲಿ ನಟಿಗೆ ತನ್ನ ಪಾತ್ರವಷ್ಟೇ ಅಲ್ಲ, ಇಡೀ ನಾಟಕವೇ ಕಣ್ಣಿಗೆ ಕಾಣುತ್ತಿತ್ತು. ಮುಂದೆ ನಿರ್ದೇಶನಕ್ಕೆ ಬೇಕಾದ ಬಂಡವಾಳ ಅಲ್ಲಿಯೇ ಕೂಡಿತೆನ್ನಬೇಕು. ‘ಘಟಶ್ರಾದ್ಧ’ದಿಂದ 1977ರಲ್ಲಿ ಹೆಸರಾದ ಗಿರೀಶ ಕಾಸರವಳ್ಳಿಯವರನ್ನು ವರಿಸಿದ ಮೇಲೂ ಆಕೆಯ ಅಭಿನಯ ರಂಗದಲ್ಲಿ, ಚಲಚ್ಚಿತ್ರದಲ್ಲಿ, ಕಿರುತೆರೆಯಲ್ಲಿ ನಡೆದೇ ಇತ್ತು.

ನಡುವೆ ವಸ್ತ್ರವಿನ್ಯಾಸದಲ್ಲಿಯೂ ಆಕೆ ಕೀರ್ತಿ ಪಡೆದರು. 1997ರ ‘ತಾಯಿ ಸಾಹೇಬ’ ಚಿತ್ರದ ಕಥೆ ಸ್ವಾತಂತ್ರ್ಯ ಚಳವಳಿಯ ಕಾಲದ ಉತ್ತರ ಕರ್ನಾಟಕದ ಒಂದು ದೊಡ್ಡ ಮನೆತನದ್ದು. ಅದು ರಂ. ಶಾ. ಲೋಕಾಪುರರ ಕಾದಂಬರಿಯನ್ನು ಆಧರಿಸಿದ್ದು. ಆ ಚಿತ್ರಕ್ಕೆ ಸ್ವರ್ಣಕಮಲ ಬಂದಾಗ ವಸ್ತ್ರವಿನ್ಯಾಸಕ್ಕಾಗಿ ವೈಶಾಲಿಯವರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ಸೀರೆಯ ಉಡಿಗೆ, ಪಟಗದ ಸುತ್ತು, ವಿಧವೆಯ ಸೆರಗು—ಇವುಗಳಿಂದಲೇ ಒಂದು ಕಾಲವನ್ನೂ ಒಂದು ಮನೆಯ ಅಂತಸ್ತನ್ನೂ ಹೇಳಬಹುದೆಂಬುದು ಬಲ್ಲವರಿಗೆ ಗೊತ್ತು. ಇದೇ ಹಾದಿಯಲ್ಲಿ ಆಕೆಗಿಂತ ಮುಂದೆ ನಡೆದವರು ಪ್ರೇಮಾ ಕಾರಂತರು. ರಂಗದ ಉಡುಪುಗಳನ್ನು ರೂಪಿಸುತ್ತಲೇ ಅವರು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಎಂಬತ್ತರ ದಶಕದ ಮೊದಲಲ್ಲಿ ಚಿತ್ರವಾಗಿಸಿದ್ದರು.

ವೈಶಾಲಿಯವರು ನಿರ್ದೇಶನಕ್ಕೆ ಆರಿಸಿಕೊಂಡದ್ದು ಕಿರುತೆರೆಯನ್ನು. ದಿನವಹಿ ಧಾರಾವಾಹಿಯ ದುಡಿಮೆ ಎಂಥದೆಂಬುದನ್ನು ನೋಡುಗರು ಊಹಿಸಲಾರರು. ಸಿನೆಮಾ ಒಂದು ಸಲ ಮುಗಿಯುತ್ತದೆ. ಧಾರಾವಾಹಿ ನಾಳೆಗೂ ಬೇಕು, ನಾಡಿದ್ದಿಗೂ ಬೇಕು. ಕಂತಿನ ಬರವಣಿಗೆ, ನಟರ ಬಿಡುವು, ಬೆಳಕಿನ ಹೊತ್ತು, ಖರ್ಚಿನ ಮಿತಿ, ಎಲ್ಲವನ್ನೂ ಹೊಂದಿಸಿಕೊಂಡು ಹತ್ತಾರು ಪಾತ್ರಗಳ ಸ್ವಭಾವ ತಪ್ಪದಂತೆ ತಿಂಗಳುಗಟ್ಟಲೆ ನಡೆಸಬೇಕು. ಕೂಡುಕುಟುಂಬದ ಯಜಮಾನಿಕೆಗೂ ಇದಕ್ಕೂ ಬಹಳ ಅಂತರವಿಲ್ಲ!

ಈ ಶತಮಾನದ ಮೊದಲ ದಶಕದಲ್ಲಿ ಈಟಿವಿ ಕನ್ನಡ ವಾಹಿನಿಯಲ್ಲಿ (2015ರಿಂದ ಅದು ಕಲರ್ಸ್ ಕನ್ನಡ) ಬಂದ ‘ಮೂಡಲ ಮನೆ’ ಆಕೆಯ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಹೆಸರು ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ನೆನಪಿಸುವಂಥದು. ಕಥೆ ಉತ್ತರ ಕರ್ನಾಟಕದ ಒಂದು ಕೂಡುಕುಟುಂಬದ್ದು. ಆಡುವ ಮಾತು ಆ ಸೀಮೆಯದೇ. ಅದುವರೆಗೆ ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಚಿತ್ರ, ಧಾರಾವಾಹಿಗಳಲ್ಲಿ ಆ ಮಾತು ಬಹುಮಟ್ಟಿಗೆ ಹಾಸ್ಯಪಾತ್ರದವನ ಬಾಯಿಗೆ ಮೀಸಲಾಗಿತ್ತು. ‘ಏನ್ ಮಾಡಾಕತ್ತೀರಿ?’ ಎಂದರೆ ನಗು ಬರಬೇಕೆಂಬ ರೂಢಿ. ‘ಮೂಡಲ ಮನೆ’ಯಲ್ಲಿ ಅದೇ ಮಾತಿನಲ್ಲಿ ಹಿರಿಯರು ಗದರಿದರು, ತಾಯಂದಿರು ಅತ್ತರು, ಅಣ್ಣತಮ್ಮಂದಿರು ಮುನಿದು ಮತ್ತೆ ಕೂಡಿದರು. ಕೇಳಿದವರಾರೂ ನಗಲಿಲ್ಲ, ಕಣ್ಣೊರೆಸಿಕೊಂಡರು. ಆಕೆ ನಿರ್ದೇಶಿಸಿದ ‘ಮುತ್ತಿನ ತೋರಣ’ವೂ ಜನರ ಮೆಚ್ಚುಗೆಗೆ ಪಾತ್ರವಾಯಿತು.

2010ರ ಸೆಪ್ಟೆಂಬರಿನಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ವೈಶಾಲಿಯವರು ನಮ್ಮನ್ನಗಲಿದರು. ದುಡಿಮೆ ಹಣ್ಣಾಗುತ್ತಿದ್ದ ಕಾಲದಲ್ಲಿಯೇ ಬಂದ ಈ ಅಗಲಿಕೆ ಕಲಾಲೋಕಕ್ಕೆ ದೊಡ್ಡ ನಷ್ಟ. ಆದರೆ ಹಾದಿ ಅಲ್ಲಿಗೆ ನಿಲ್ಲಲಿಲ್ಲ. ಮಗಳು ಅನನ್ಯಾ ಕಾಸರವಳ್ಳಿಯವರೂ ನಟಿಯಾಗಿದ್ದು ನಿರ್ದೇಶನಕ್ಕೆ ಬಂದರು. ಯಕ್ಷಗಾನದ ಸ್ತ್ರೀವೇಷಧಾರಿಯೊಬ್ಬನ ಬಾಳಿನ ಸಂಕಟವನ್ನು ಹೇಳುವ ಅವರ ಮೊದಲ ಚಲಚ್ಚಿತ್ರ ‘ಹರಿಕಥಾ ಪ್ರಸಂಗ’ 2016ರಲ್ಲಿ ಬಂದಿತು.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಈ ಚರಿತ್ರೆಯಿಂದ ತಿಳಿಯಬೇಕಾದುದೊಂದುಂಟು. ನಮ್ಮ ಸಂಘಗಳಲ್ಲಿ ಕಲಬುರಗಿಯವರಿದ್ದಾರೆ, ಧಾರವಾಡದವರಿದ್ದಾರೆ, ಕರಾವಳಿಯವರಿದ್ದಾರೆ, ಮೈಸೂರಿನವರಿದ್ದಾರೆ. ವೇದಿಕೆಯ ಮೇಲೆ ಎಲ್ಲರೂ ಪುಸ್ತಕದ ಕನ್ನಡ ಆಡುತ್ತೇವೆ. ನಮ್ಮೂರಿನ ಮಾತು ಅಡುಗೆಮನೆಯಲ್ಲಿ ಉಳಿಯುತ್ತದೆ. ಮಕ್ಕಳ ಕಾಲಕ್ಕೆ ಅಲ್ಲಿಯೂ ಉಳಿಯುವುದೋ ಇಲ್ಲವೋ! ಮನೆಯ ಮಾತಿಗೆ ನಾಚಬೇಕಾಗಿಲ್ಲ, ಅದರಲ್ಲಿ ಬಾಳಿನ ಎಲ್ಲ ರಸಗಳನ್ನೂ ನುಡಿಯಬಹುದೆಂದು ಗುಲ್ಬರ್ಗದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಇಡೀ ನಾಡಿಗೆ ತೋರಿಸಿಕೊಟ್ಟಳು. ಬರುವ ರಾಜ್ಯೋತ್ಸವದ ನಾಟಕಗಳಲ್ಲಿ ನಮ್ಮ ಮಕ್ಕಳ ಬಾಯಲ್ಲಿ ಅವರವರ ಅಜ್ಜಿಯ ಕನ್ನಡವನ್ನೇ ಆಡಿಸೋಣ. ಆ ಕಲಾವಿದೆಗೆ ನಾವು ಸಲ್ಲಿಸಬಹುದಾದ ಗೌರವ ಇದಕ್ಕಿಂತ ಬೇರೆ ಯಾವುದಿದ್ದೀತು?