‘ಒಳ್ಳೇದನ್ನೇ ಹಾಕಪ್ಪ’: ಎರಡು ಬಗೆ ಪೆಟ್ರೋಲಿನ ನೂರು ವರ್ಷ

ತಾಲೂಕು ಕೇಂದ್ರದ ಪೆಟ್ರೋಲ್ ಬಂಕಿನಲ್ಲಿ ನಾವು ಸಾಲಿನಲ್ಲಿ ನಿಂತಿದ್ದೆವು. ಮುಂದೆ ಹಳೇ ಮೊಪೆಡ್ಡಿಗೆ ಹಿಂಡಿ ಚೀಲ ಕಟ್ಟಿಕೊಂಡಿದ್ದ ಹಿರಿಯರೊಬ್ಬರು. “ಯಜಮಾನ್ರೇ, ಪ್ರೀಮಿಯಂ ಹಾಕ್ಲಾ, ನಾರ್ಮಲ್ ಹಾಕ್ಲಾ?” ಎಂದು ಬಂಕಿನ ಹುಡುಗ ಕೇಳಿದ. “ಒಳ್ಳೇದನ್ನೇ ಹಾಕಪ್ಪ” ಎಂದರು. ಲೀಟರಿಗೆ ಕೆಲವು ರೂಪಾಯಿ ಹೆಚ್ಚು ಹೋಯಿತು. ಮೊಪೆಡ್ಡಿಗೆ ಅದರಿಂದ ಹೆಚ್ಚಿನ ಲಾಭವೇನೂ ಆಗಿರಲಿಕ್ಕಿಲ್ಲ.

ದುಬಾರಿ ಪೆಟ್ರೋಲೇ ಒಳ್ಳೆಯದು ಎಂಬ ಈ ನಂಬಿಕೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನೂರು ವರ್ಷ ಹಿಂದಿನ ಅಮೆರಿಕಕ್ಕೆ ಹೋಗಬೇಕಾಗುತ್ತದೆ.

ಆಗ ಕಾರು ತಯಾರಕರನ್ನು ಕಾಡುತ್ತಿದ್ದದ್ದು ಎಂಜಿನ್ನಿನ ‘ನಾಕಿಂಗ್’. ಸಿಲಿಂಡರಿನೊಳಗೆ ಪಿಸ್ಟನ್ನು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ, ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. ಆ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿದರೆ ಕಟಕಟ ಸದ್ದು ಬರುತ್ತದೆ, ಎಂಜಿನ್ನು ಹಾಳಾಗುತ್ತದೆ. ಹೆಚ್ಚು ಒತ್ತುವ ಎಂಜಿನ್ನಿಗೆ ಹೆಚ್ಚು ಶಕ್ತಿ, ಆದರೆ ನಾಕಿಂಗಿನ ಕಾಟವೂ ಹೆಚ್ಚು.

ಜನರಲ್ ಮೋಟರ್ಸ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ಕೈಕೆಳಗೆ ಕೆಲಸ ಮಾಡುತ್ತಿದ್ದ ಥಾಮಸ್ ಮಿಡ್ಜ್‌ಲಿ ಇದಕ್ಕೆ ಮದ್ದು ಹುಡುಕುತ್ತಿದ್ದ. ಮದ್ಯಸಾರ, ಅಂದರೆ ನಾವು ಇಂದು ಎಥೆನಾಲ್ ಎನ್ನುವುದು, ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಎಂಬುದು ಅವನಿಗೆ ಪ್ರಯೋಗದಿಂದಲೇ ಗೊತ್ತಿತ್ತು. ಆದರೆ ಮದ್ಯಸಾರವನ್ನು ಯಾರು ಬೇಕಾದರೂ ತಯಾರಿಸಬಹುದಿತ್ತು, ಬೆರೆಸುವುದೂ ಬಹಳ ಬೇಕಿತ್ತು. 1921ರ ಡಿಸೆಂಬರಿನಲ್ಲಿ ಅವನ ತಂಡಕ್ಕೆ ಟೆಟ್ರಾಈಥೈಲ್ ಸೀಸದ ಗುಣ ತಿಳಿಯಿತು. ಇದು ಚಿಟಿಕೆಯಷ್ಟು ಸಾಕು, ಪೇಟೆಂಟ್ ಲಾಭವೂ ಇತ್ತು. 1923ರ ಫೆಬ್ರವರಿಯಲ್ಲಿ ಒಹಾಯೊದ ಡೇಟನ್‌ನಲ್ಲಿ ಇದನ್ನು ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಬಂತು. ಅದಕ್ಕೆ ಇಟ್ಟ ಹೆಸರು ‘ಈಥೈಲ್’. ಪತ್ರಿಕೋದ್ಯಮ ಓದಿದ ನಮಗೆ ಇಲ್ಲಿ ಮುಖ್ಯವೆನಿಸಿದ್ದು ಆ ಹೆಸರಿನಲ್ಲಿ ಇಲ್ಲದ ಪದ: ಸೀಸ.

ಸೀಸ ವಿಷವೆಂದು ಆಗಲೂ ಗೊತ್ತಿತ್ತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಚಿತ್ತಭ್ರಮೆಗೊಳಗಾಗಿ ಸತ್ತರು. ಅದೇ ತಿಂಗಳು ಮಿಡ್ಜ್‌ಲಿ ವರದಿಗಾರರ ಮುಂದೆ ಆ ದ್ರವದಿಂದ ಕೈ ತೊಳೆದು, ಅದರ ಆವಿ ಮೂಸಿ, ಅಪಾಯವಿಲ್ಲವೆಂದು ತೋರಿಸಿದ. ಹಿಂದಿನ ವರ್ಷ ಸೀಸದ ಬಾಧೆಯಿಂದ ರಜೆ ಹಾಕಿ ವಿಶ್ರಾಂತಿ ಪಡೆದವನೂ ಅವನೇ. ಕಾರ್ಮಿಕರ ಆರೋಗ್ಯದ ತಜ್ಞೆ ಆಲಿಸ್ ಹ್ಯಾಮಿಲ್ಟನ್ 1925ರ ಸರ್ಕಾರಿ ಸಭೆಯಲ್ಲಿ ವಿರೋಧಿಸಿದರು. ಕೆಲಕಾಲ ನಿಂತಿದ್ದ ಮಾರಾಟ 1926ರಲ್ಲಿ ಮತ್ತೆ ಶುರುವಾಯಿತು.

ಆಕ್ಟೇನ್ ಅಳತೆ ಹುಟ್ಟಿದ್ದೂ ಆ ಹೊತ್ತಿನಲ್ಲೇ. ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೋ-ಆಕ್ಟೇನಿಗೆ 100 ಅಂಕ, ತಡೆಯಲಾರದ ಹೆಪ್ಟೇನಿಗೆ 0. 91 ಆಕ್ಟೇನಿನ ಪೆಟ್ರೋಲ್ ಎಂದರೆ 91 ಪಾಲು ಐಸೋ-ಆಕ್ಟೇನ್, 9 ಪಾಲು ಹೆಪ್ಟೇನ್ ಸೇರಿದ ಮಿಶ್ರಣದಷ್ಟೇ ನಾಕಿಂಗ್ ತಡೆಯುವಂಥದು. ಇದು ಪರೀಕ್ಷೆಯಲ್ಲಿ ಮಗು ತೆಗೆದ ಅಂಕದಂತಲ್ಲ. ಇಂಧನದ ಶಕ್ತಿಯನ್ನೋ ಶುದ್ಧತೆಯನ್ನೋ ಮೈಲೇಜನ್ನೋ ಇದು ಅಳೆಯುವುದಿಲ್ಲ. ಅಮೆರಿಕದ ಬಂಕುಗಳಲ್ಲಿ ಸಾದಾ ಪೆಟ್ರೋಲಿಗೆ 87 ಎಂದು ಬರೆದಿರುವುದು ಅಲ್ಲಿನ ಲೆಕ್ಕದ ರೀತಿ ಬೇರೆಯಾದ್ದರಿಂದ. ನಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 91.

ಸೀಸ ಮಾತ್ರ ಹೊಗೆಯೊಂದಿಗೆ ಊರೂರಿಗೆ ಹರಡಿತು. 1965ರಲ್ಲಿ ಭೂವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ಮನುಷ್ಯರ ಮೈಯಲ್ಲಿರುವ ಸೀಸ ಸಹಜ ಪ್ರಮಾಣವನ್ನು ಎಷ್ಟೋ ಪಟ್ಟು ಮೀರಿದೆ ಎಂದು ಬರೆದರು. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಕುಂದು ತರುತ್ತದೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು, 2000ದ ಫೆಬ್ರವರಿಯಿಂದ ಇಡೀ ದೇಶಕ್ಕೆ. ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಒಂದು ‘ಒಳ್ಳೇದು’ ಜಗತ್ತಿನ ಬಂಕುಗಳಿಂದ ಇಳಿಯಲು ಸುಮಾರು ನೂರು ವರ್ಷ ಹಿಡಿಯಿತು.

ಇಂದಿನ ಪ್ರೀಮಿಯಂನಲ್ಲಿ ಸೀಸವಿಲ್ಲ. ಹೆಚ್ಚು ಆಕ್ಟೇನ್, ಎಂಜಿನ್ ಒಳಗೆ ಮಸಿ ಕೂರದಂತೆ ನೋಡಿಕೊಳ್ಳುವ ರಾಸಾಯನಿಕ, ಅಥವಾ ಎರಡೂ ಇರುತ್ತವೆ. ಹೆಚ್ಚು ಒತ್ತಡದ ಎಂಜಿನ್ನಿನ ಕೆಲವು ಬೈಕು, ಕಾರುಗಳಿಗೆ ಆ ಆಕ್ಟೇನ್ ನಿಜಕ್ಕೂ ಬೇಕು. ಆದರೆ ನಮ್ಮೂರುಗಳಲ್ಲಿ ಓಡುವ 100, 125 ಸಿಸಿ ಗಾಡಿಗಳಲ್ಲಿ ಬಹುಪಾಲು ಸಾದಾ ಪೆಟ್ರೋಲಿಗೆಂದೇ ಮಾಡಿದವು. ನಾಕಿಂಗೇ ಇಲ್ಲದ ಎಂಜಿನ್ನಿಗೆ ಹೆಚ್ಚು ಆಕ್ಟೇನ್ ಹಾಕುವುದು ಕೆಮ್ಮಿಲ್ಲದವರಿಗೆ ಕೆಮ್ಮಿನ ಔಷಧಿ ಕುಡಿಸಿದಂತೆ.

ಇನ್ನೊಂದು ಸಂಗತಿಯೂ ಇದೆ. ಮಿಡ್ಜ್‌ಲಿ ಕೈಬಿಟ್ಟ ಮದ್ಯಸಾರ ನೂರು ವರ್ಷದ ಮೇಲೆ ನಮ್ಮ ಬಂಕಿಗೆ ಬಂದಿದೆ. 20% ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ನಮ್ಮ ಕಬ್ಬು, ಜೋಳ ಬೆಳೆಗಾರರ ಪಾಲೂ ಇದರಲ್ಲಿದೆ. ಎಥೆನಾಲ್‌ನಿಂದ ಸಾದಾ ಪೆಟ್ರೋಲಿನ ಆಕ್ಟೇನ್ ಕೂಡ ಏರುತ್ತದೆ. ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಆಕ್ಟೇನ್ ಏರುತ್ತಲೇ ಮೈಲೇಜ್ ಇಳಿಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾವು ಆ ಹಿರಿಯರನ್ನು ಮಾತಾಡಿಸಲಿಲ್ಲ, ಸಾಲು ಮುಂದಕ್ಕೆ ಹೋಯಿತು. ಮಾತಾಡಿಸಿದ್ದರೆ ಇಷ್ಟನ್ನೇ ಹೇಳುತ್ತಿದ್ದೆವು: ಗಾಡಿ ಕೊಂಡಾಗ ಕೊಟ್ಟ ಪುಸ್ತಕವನ್ನೋ ಟ್ಯಾಂಕಿನ ಮುಚ್ಚಳದ ಬಳಿಯ ಚೀಟಿಯನ್ನೋ ನೋಡಿ ಯಜಮಾನ್ರೇ. ಹೆಚ್ಚು ಆಕ್ಟೇನ್ ಬೇಕೆಂದು ಬರೆದಿದ್ದರೆ ಹಾಕಿಸಿ. ಇಲ್ಲದಿದ್ದರೆ ಆ ದುಡ್ಡಲ್ಲಿ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಟೈರಿಗೆ ಗಾಳಿ ನೋಡಿಕೊಳ್ಳಿ.